ಕಂಪ್ಯೂಟರ್ ಕೋಣೆಯ ಹೊರಗೆ ಬಿಟ್ಟ ಚಪ್ಪಲಿ

ಕಂಪ್ಯೂಟರ್ ಕಂಡರೆ ನನ್ನ ಕಾಲು ತಾನಾಗಿಯೇ ಚಪ್ಪಲಿ ಬಿಡುತ್ತದೆ. ಬುದ್ಧಿಗೆ ಗೊತ್ತಾಗುವ ಮುಂಚೆ ಕಾಲಿಗೆ ಗೊತ್ತಾಗಿರುತ್ತದೆ. ಮನೆಯಲ್ಲಾದರೆ ಸರಿ, ಹೇಗೂ ಬರಿಗಾಲು. ಫಜೀತಿಯಾಗುವುದು ಹೊರಗೆ. ಮೊನ್ನೆ ಚಿಕ್ಕಬಳ್ಳಾಪುರದಲ್ಲಿ ಬ್ಯಾಂಕಿಗೆ ಹೋದೆ. ಗಾಜಿನ ಬಾಗಿಲಾಚೆ ಸಾಲಾಗಿ ಕಂಪ್ಯೂಟರ್‌ಗಳು ಕಂಡವು. ಚಪ್ಪಲಿ ಬಾಗಿಲ ಪಕ್ಕ ಬಿಟ್ಟು ಒಳಗೆ ಹೋಗಿ ಸಾಲಿನಲ್ಲಿ ನಿಂತೆ. ನನ್ನ ಹಿಂದೆ ಬಂದ ಅಜ್ಜಿಯೊಬ್ಬರು ನನ್ನ ಕಾಲು ನೋಡಿ, ನಾಲಿಗೆ ಕಚ್ಚಿಕೊಂಡು, ಹೊರಗೆ ಹೋಗಿ ತಾವೂ ಬಿಟ್ಟು ಬಂದರು. ಅಜ್ಜಿಯ ಹಿಂದಿನವರು ಅಜ್ಜಿಯನ್ನು ನೋಡಿದರು. ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿಯ ರಾಶಿ ಬಿದ್ದಿತ್ತು. ಕಾವಲಿನವನು ತಲೆ ಕೆರೆದುಕೊಳ್ಳುತ್ತಾ, ‘ಏನಮ್ಮ ಇದು, ಒಳಗೆ ಸತ್ಯನಾರಾಯಣ ಪೂಜೆ ಇಟ್ಕೊಂಡವ್ರಾ?’ ಎಂದ. ರಾಶಿಯಲ್ಲಿ ನನ್ನ ಜೊತೆಯನ್ನು ಹುಡುಕಿಕೊಂಡು, ಅವನ ಮುಖ ನೋಡದೆ ಬಂದುಬಿಟ್ಟೆ.

ನಗಬೇಡಿ. ನೀವೂ ನಮ್ಮ ಶಾಲೆಯಲ್ಲಿ ಪಾಠ ಮಾಡಿದ್ದರೆ ನಿಮ್ಮ ಕಾಲಿಗೂ ಇದೇ ಗತಿಯಾಗುತ್ತಿತ್ತು.

ನಾನು ಸಮಾಜ ವಿಜ್ಞಾನದ ಮೇಡಂ. ಶಾಲೆ ಇರುವುದು ಶಿಡ್ಲಘಟ್ಟದಿಂದ ಮೇಲೂರಿಗೆ ಹೋಗುವ ದಿಕ್ಕಿನಲ್ಲಿ, ಹಿಪ್ಪುನೇರಳೆ ತೋಟಗಳ ನಡುವೆ. ಊರ ಹೆಸರು ಬೇಡ ಬಿಡಿ, ನನಗಿನ್ನೂ ಸರ್ವೀಸ್ ಇದೆ. ನಮ್ಮ ಮಕ್ಕಳು ಸ್ಲೇಟು ಹಿಡಿಯುವ ಮೊದಲೇ ಹುಳುವಿಗೆ ಹಾಕುವ ಸೊಪ್ಪು ಹಿಡಿದಿರುತ್ತಾರೆ. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ಅಲ್ಲಾಡದೆ ತಲೆಯೆತ್ತಿ ಕೂರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ರಾಕ್ಷಸ ಹಸಿವು; ಆ ವಾರ ಅರ್ಧ ತರಗತಿ ಸೊಪ್ಪು ಕೊಯ್ಯಲು ಹೋಗಿರುತ್ತದೆ. ರಜೆಗೆ ಕಾರಣ ಕೇಳಿದರೆ ‘ಜ್ವರ ಮಿಸ್’ ಎನ್ನುತ್ತಾರೆ. ಯಾರಿಗೆ ಎಂದು ನಾವು ಕೇಳುವುದಿಲ್ಲ.

ನಮ್ಮ ಹೆಡ್ ಮಾಸ್ತರು ವೆಂಕಟರಾಯಪ್ಪನವರೂ ಹುಳು ಸಾಕುವವರೇ. ಬೆಳಗಾಗುವ ಮುಂಚೆ ತೋಟಕ್ಕೆ ಹೋಗಿ, ಹುಳುವಿಗೆ ಸೊಪ್ಪು ಹಾಕಿ, ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಶಾಲೆಗೆ ಬರುತ್ತಾರೆ. ಗಣಿತದಲ್ಲಿ ಗಟ್ಟಿ, ಮನಸ್ಸಿನಲ್ಲಿ ಮೆತ್ತಗೆ. ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ಆದರೆ ಯಾವುದಾದರೂ ವಸ್ತುವಿನ ಮೇಲೆ ಪ್ರೀತಿ ಬಂದರೆ ಮುಗಿಯಿತು, ಆ ವಸ್ತುವನ್ನು ದೇವರೇ ಕಾಪಾಡಬೇಕು.

ಸರ್ಕಾರದಿಂದ ಶಾಲೆಗೆ ಹತ್ತು ಕಂಪ್ಯೂಟರ್ ಬಂದಾಗ ಅವರಿಗೆ ಅಂಥ ಪ್ರೀತಿ ಬಂತು. ಪೆಟ್ಟಿಗೆ ಬಿಚ್ಚಿ, ಬೆಳ್ಳಗೆ ಹೊಳೆಯುವ ಥರ್ಮೋಕೋಲ್ ಒಳಗೆ ಮಲಗಿದ್ದ ಯಂತ್ರಗಳನ್ನು ನೋಡಿ ಅವರ ಕಣ್ಣು ತುಂಬಿತು. ಮರುದಿನದಿಂದಲೇ ಕಂಪ್ಯೂಟರ್ ಕೋಣೆ ಹುಳು ಮನೆಯಾಯಿತು. ಕಿಟಕಿಗಳಿಗೆಲ್ಲ ನೊಣ ಬಾರದಂತೆ ಹಸಿರು ಬಲೆ. ಬಿಸಿಲು ಬೀಳಬಾರದೆಂದು ಎಲ್ಲ ಯಂತ್ರಗಳ ಬೆನ್ನು ಬಾಗಿಲ ಕಡೆಗೆ, ಮುಖ ಹಿಂದಿನ ಗೋಡೆಯ ಕಡೆಗೆ. ಹೊಸ್ತಿಲ ಒಳಗೆ ಒಂದು ಅಗಲವಾದ ತಗಡಿನ ತಟ್ಟೆ, ಅದರಲ್ಲಿ ಗೋಣಿಚೀಲ, ಗೋಣಿಚೀಲದ ಮೇಲೆ ಬ್ಲೀಚಿಂಗ್ ಪುಡಿ ಕದಡಿದ ನೀರು. ಚಪ್ಪಲಿ ಹೊರಗೆ ಬಿಟ್ಟು, ತಟ್ಟೆಯೊಳಗೆ ಕಾಲಿಟ್ಟು, ಕೈ ತೊಳೆದು ಒಳಗೆ ಬರಬೇಕು. ಬೀಡಿ ಸೇದಿದವರಿಗೆ, ಸೆಂಟು ಹಾಕಿದವರಿಗೆ ಪ್ರವೇಶವಿಲ್ಲ. ಜೋರಾಗಿ ಮಾತಾಡುವಂತಿಲ್ಲ.

‘ಸಾರ್, ಇವೇನು ಸೊಪ್ಪು ತಿಂತಾವಾ?’ ಎಂದು ಕೇಳಿಯೂ ನೋಡಿದೆ.

‘ನಗಬೇಡಿ ಪದ್ಮಮ್ನೋರೆ. ಹುಳುನೂ ಅಷ್ಟೆ, ಇದೂ ಅಷ್ಟೆ. ಬಿಸಿಲು ತಾಗ್ಬಾರ್ದು, ಧೂಳು ತಾಗ್ಬಾರ್ದು, ಕಂಡ್‌ಕಂಡೋರ ಕೈ ತಾಗ್ಬಾರ್ದು. ಒಂದಕ್ಕೆ ರೋಗ ಬಂತು ಅಂದ್ರೆ ಮನೆ ಮನೆಯೇ ಹೋಯ್ತು’ ಎಂದರು.

ಒಂದು ದಿನ ಒಂದು ಯಂತ್ರ ತನ್ನಷ್ಟಕ್ಕೆ ತಾನು ಅಪ್‌ಡೇಟ್ ಮಾಡಿಕೊಳ್ಳತೊಡಗಿತು. ಪರದೆಯ ಮೇಲೆ ಸಣ್ಣ ಚಕ್ರ ತಿರುಗುತ್ತದಲ್ಲ, ಅದು. ಮಕ್ಕಳು ಗಾಬರಿಯಾಗಿ ಕರೆದರು. ಹೆಡ್ ಮಾಸ್ತರು ಬಂದು, ಬಗ್ಗಿ ನೋಡಿ, ಪಿಸುದನಿಯಲ್ಲಿ, ‘ಜ್ವರಕ್ಕೆ ಕೂತೈತೆ. ಯಾರೂ ಅಲ್ಲಾಡಿಸ್ಬೇಡಿ. ತಾನೇ ಏಳುತ್ತೆ’ ಎಂದರು. ಎಲ್ಲರೂ ತುದಿಗಾಲಲ್ಲಿ ಹೊರಗೆ ಬಂದೆವು. ಮಧ್ಯಾಹ್ನ ಅದು ನಿಜವಾಗಿಯೂ ಎದ್ದಿತ್ತು. ಆಮೇಲೆ ಅವರ ಮಾತಿಗೆ ಎದುರಾಡುವುದು ಯಾರಿಂದಲೂ ಆಗಲಿಲ್ಲ.

ಮುಟ್ಟಬಾರದು ಎಂಬ ಮಾತಿಗೂ ನನಗೂ ಹಳೆಯ ಜಗಳ. ನಾನು ಓದಿದ್ದು ಚಿಂತಾಮಣಿಯಲ್ಲಿ. ಶಾಲೆಯಲ್ಲಿ ಒಂದು ಗ್ಲೋಬ್ ಇತ್ತು, ಗಾಜಿನ ಬೀರುವಿನೊಳಗೆ. ಅದರ ಬೀಗದ ಕೈ ಯಾರೋ ವರ್ಗವಾಗಿ ಹೋಗುವಾಗ ಜೇಬಿನಲ್ಲೇ ಒಯ್ದಿದ್ದರಂತೆ. ಮೇಷ್ಟ್ರು ಗಾಜಿನ ಹೊರಗಿನಿಂದಲೇ ಕೋಲು ತೋರಿಸಿ ಭೂಮಿಯ ಪಾಠ ಮಾಡುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಒಂದೇ ಮಗ್ಗುಲು. ಅಮೆರಿಕ ಇದ್ದದ್ದು ಗೋಡೆಯ ಕಡೆ. ಭೂಮಿ ತಿರುಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದೆನೇ ಹೊರತು ಮನಸ್ಸಿನಲ್ಲಿ ಒಪ್ಪಿರಲಿಲ್ಲ. ತಿರುಗಿದ್ದನ್ನು ಕಂಡವರಾರು? ಭೂಮಿಗೆ ಕೆಳಗೊಂದು ಹಿತ್ತಾಳೆಯ ಕಾಲಿದೆ ಎಂಬ ನಂಬಿಕೆಯಂತೂ ಕಾಲೇಜಿಗೆ ಹೋದ ಮೇಲೂ ಸ್ವಲ್ಪ ಉಳಿದಿತ್ತು. ಇಂಥವಳು ಸಮಾಜ ವಿಜ್ಞಾನದ ಟೀಚರಾದಳು ನೋಡಿ. ಬಂಗಾಳ ಕೊಲ್ಲಿ ಪೂರ್ವಕ್ಕಿದೆ ಎಂದು ವರ್ಷವರ್ಷವೂ ಹೇಳಿಕೊಟ್ಟಿದ್ದೇನೆ, ನಾನಿನ್ನೂ ಸಮುದ್ರವನ್ನೇ ನೋಡಿಲ್ಲ. ತಿರುಪತಿಗೆ ಹೋದಾಗಲೆಲ್ಲ ಇನ್ನೇನು ಹತ್ತಿರ ಎನ್ನುತ್ತಾರೆ. ಲಾಡು ಹಿಡಿದುಕೊಂಡು ವಾಪಸು ಬರುತ್ತೇವೆ.

ಕಂಪ್ಯೂಟರ್ ಬಂದ ವರ್ಷ ನಮಗೆ ಚಿಕ್ಕಬಳ್ಳಾಪುರದಲ್ಲಿ ತರಬೇತಿಯಾಯಿತು. ಆನ್‌ಲೈನ್ ಸಾಧನಗಳನ್ನು ಪಾಠದಲ್ಲಿ ಹಾಸುಹೊಕ್ಕಾಗಿ ಬಳಸುವುದು ಹೇಗೆ ಎಂಬ ವಿಷಯ. ಪರದೆಯ ಮೇಲಿದ್ದುದನ್ನು ಓದಿ ಹೇಳಿದರೆ ಮಕ್ಕಳಿಗೆ ಬೇಸರವಾಗುತ್ತದೆ ಎಂದು ಒಬ್ಬ ಸಂಪನ್ಮೂಲ ವ್ಯಕ್ತಿ ಪರದೆಯ ಮೇಲಿದ್ದುದನ್ನು ಓದಿ ಹೇಳಿದರು. ಊಟಕ್ಕೆ ಮುಂಚೆ ಕರೆಂಟು ಹೋಯಿತು. ಆಗ ನಾವೆಲ್ಲ ಕುರ್ಚಿ ತಿರುಗಿಸಿಕೊಂಡು ನಮ್ಮ ನಮ್ಮ ಶಾಲೆಯ ಕಷ್ಟಸುಖ ಮಾತಾಡಿದೆವು. ಆ ದಿನ ನಾನು ಕಲಿತದ್ದೇನಾದರೂ ಇದ್ದರೆ ಆ ಹೊತ್ತಿನಲ್ಲೇ. ಸಂಜೆ ಎಲ್ಲರೂ ಲ್ಯಾಪ್‌ಟಾಪ್ ಮುಂದೆ ಕೂತ ಹಾಗೆ ಫೋಟೊ ತೆಗೆಸಿಕೊಂಡು ಬಂದೆವು.

ಇಷ್ಟರ ಮೇಲೆ ಇಲಾಖೆಯ ಒಬ್ಬ ಸಾಹೇಬರು ಶಾಲೆಗೆ ಬಂದರು. ಬಾಗಿಲಿಂದಲೇ ಇಣುಕಿ, ಯಂತ್ರಗಳ ಮೇಲೆ ಹೊದಿಸಿದ್ದ ಹಳೆಯ ಸೀರೆಗಳನ್ನು ನೋಡಿ, ‘ಏನ್ರೀ ಇದು, ಬಾಣಂತಿ ಕೋಣೆನಾ? ಮುಂದಿನ ಸಲ ನಾನು ಬರೋಷ್ಟೊತ್ತಿಗೆ ಮಕ್ಕಳು ಇದರಲ್ಲಿ ಪಾಠ ಕಲೀತಾ ಇರಬೇಕು. ಇಲ್ಲಾಂದ್ರೆ ಎಲ್ಲಾ ಲಾರಿಗೆ ಹಾಕಿ ಗೌರಿಬಿದನೂರು ಕಡೆ ಶಾಲೆಗೆ ಕಳಿಸ್ತೀನಿ. ಅವರು ಕಾಯ್ತಾ ಕೂತಿದಾರೆ’ ಎಂದು ಹೇಳಿ ಹೋದರು. ಹೆಡ್ ಮಾಸ್ತರ ಮುಖ ಸುಣ್ಣದ ಹಾಗಾಯಿತು. ಆ ರಾತ್ರಿ ಅವರು ಊಟ ಮಾಡಲಿಲ್ಲವಂತೆ. ಬೆಳಿಗ್ಗೆ ನನ್ನ ಹತ್ತಿರ ಬಂದು, ‘ಪದ್ಮಮ್ನೋರೆ, ನೀವೇ ಏನಾದ್ರೂ ಮಾಡಿ. ಇವನ್ನ ಕಳಿಸೋಕೆ ನನ್ನ ಕೈಲಾಗಲ್ಲ’ ಎಂದು ಬೀಗದ ಕೈ ಕೊಟ್ಟರು.

ಬೀಗದ ಕೈ! ಚಿಂತಾಮಣಿಯ ಗಾಜಿನ ಬೀರುವೇ ತೆರೆದಂತಾಯಿತು ನನಗೆ. ಒಂಬತ್ತನೇ ತರಗತಿಗೆ ನದಿಗಳ ಪಾಠ ನಡೆಯುತ್ತಿತ್ತು. ನಂದಿ ಬೆಟ್ಟದ ಸುತ್ತ ಎಷ್ಟೋ ನದಿ ಹುಟ್ಟುತ್ತವೆ ಎಂದು ಪುಸ್ತಕ ಹೇಳುತ್ತದೆ. ಹುಟ್ಟುವುದು ನಮ್ಮಲ್ಲಿ, ತುಂಬಿ ಹರಿಯುವುದು ಬೇರೆಯವರಲ್ಲಿ. ನಮ್ಮ ಮಕ್ಕಳ ಪಾಲಿಗೆ ಹೊಳೆ ಎಂದರೆ ಮರಳು. ಉಪಗ್ರಹದಿಂದ ತೆಗೆದ ನಕ್ಷೆ ಇಂಟರ್ನೆಟ್ಟಿನಲ್ಲಿ ಸಿಗುತ್ತದಲ್ಲ, ಅದರಲ್ಲಿ ಪೆನ್ನಾರ್ ಹೊಳೆಯನ್ನು ನಂದಿಯ ಹತ್ತಿರ ಹಿಡಿದು, ಮೌಸ್ ಎಳೆಯುತ್ತ ಎಳೆಯುತ್ತ ಸಮುದ್ರದವರೆಗೂ ಮಕ್ಕಳೇ ಹೋಗಬೇಕು, ಅವರ ಕೈಯಿಂದಲೇ ಹೋಗಬೇಕು ಎಂದು ತೀರ್ಮಾನ ಮಾಡಿದೆ.

ಮೊದಲ ದಿನ ನದಿಯ ಹತ್ತಿರ ಹೋಗಲೇ ಇಲ್ಲ. ನಕ್ಷೆ ತೆರೆದದ್ದೇ ತಡ, ಎಲ್ಲರೂ ಅವರವರ ಮನೆ ಹುಡುಕಲು ಬಿದ್ದರು. ‘ಮಿಸ್, ನಮ್ಮ ಹುಳು ಮನೆ ಶೀಟು!’ ‘ಮಿಸ್, ನಮ್ಮ ಹುಲ್ಲಿನ ಬಣವೆ!’ ಒಬ್ಬ ತನ್ನ ಎಮ್ಮೆಯನ್ನು ಹುಡುಕುತ್ತಿದ್ದ. ಅದು ಸಿಗದೆ, ಮೇಯಲು ಹೋಗಿರಬೇಕೆಂದು ಸಮಾಧಾನ ಮಾಡಿಕೊಂಡ. ಲಾವಣ್ಯ ಎಂಬ ಹುಡುಗಿಯೊಬ್ಬಳು ಎದ್ದು ನಿಂತು ‘ಮಾ ಇಲ್ಲು! ಮಿಸ್, ಮಾ ಇಲ್ಲು!’ ಎಂದು ಕುಣಿದಳು. ನಮ್ಮ ಮನೆ ಎಂದು ಹೇಳಿದ್ದು; ಅವಳ ಮನೆಮಾತು ತೆಲುಗು. ಶಾಲೆಯಲ್ಲಿ ಅಚ್ಚುಕಟ್ಟಾಗಿ ಕನ್ನಡ ಮಾತಾಡುತ್ತಾಳೆ, ಆದರೆ ತೀರಾ ಖುಷಿಯಾದಾಗ, ಇಲ್ಲವೇ ತೀರಾ ನಿರಾಸೆಯಾದಾಗ ತೆಲುಗು ಜಾರಿ ಬೀಳುತ್ತದೆ. ಅವಳು ತೆಲುಗಿಗೆ ಬಂದರೆ ಮಾತು ಹೊಟ್ಟೆಯೊಳಗಿಂದ ಬಂತು ಎಂದು ತಿಳಿಯಬೇಕು.

ಎರಡನೇ ದಿನ ಹೊಳೆ ಹಿಡಿದೆವು. ನಂದಿಯಿಂದ ಹೊರಟು, ದ್ರಾಕ್ಷಿ ತೋಟಗಳನ್ನು ದಾಟಿ, ಗೌರಿಬಿದನೂರಿನ ಪಕ್ಕದಲ್ಲಿ ಹಾದೆವು. ಪರದೆಯ ಮೇಲೆ ಹೊಳೆ ಒಂದು ಬಿಳಿಯ ಗೆರೆ, ಮರಳಿನ ಗೆರೆ.

‘ಮಿಸ್, ನೀರಿಲ್ದಿದ್ರೆ ಹೊಳೆ ಸಮುದ್ರಕ್ಕೆ ಹೆಂಗೆ ಹೋಗುತ್ತೆ?’ ಎಂದಳು ಲಾವಣ್ಯ.

ಪಾಠ ಮಾಡಿದ ಇಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ‘ಹೋಗೋದು ನಿಜ ಕಣಮ್ಮ. ಸಮುದ್ರದ ತನಕ ನಾವೇ ಹೋಗಿ ನೋಡೋಣ’ ಎಂದೆ. ಹಿಂದೂಪುರದ ಹತ್ತಿರ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಏಳಲೊಲ್ಲರು. ಸೋಮವಾರ ಸಮುದ್ರ ತೋರಿಸುತ್ತೇನೆ ಎಂದು ಮಾತು ಕೊಟ್ಟು ಎಬ್ಬಿಸಿದೆ. ಸೋಮವಾರವೇ ಸಾಹೇಬರೂ ಬರುತ್ತಾರೆ ಎಂದು ಸುದ್ದಿ ಬಂತು. ಬರಲಿ ಬಿಡಿ, ಅವರಿಗೂ ಸಮುದ್ರ ತೋರಿಸಿದರಾಯಿತು ಎಂದುಕೊಂಡು, ಆ ಶನಿವಾರ ಸಂಭ್ರಮದಿಂದ ಮನೆಗೆ ಹೋದೆ.

ಇತ್ತ ಹೆಡ್ ಮಾಸ್ತರು, ನಾನು ಕೊಟ್ಟುಹೋದ ಬೀಗದ ಕೈ ಹಿಡಿದು, ಸಾಹೇಬರು ಬರುವ ಮುಂಚೆ ಕೊನೆಯ ಸಲ ಕೋಣೆ ನೋಡಲು ಹೋದವರು ಒಂದು ಯಂತ್ರದ ಹಿಂದೆ ಇರುವೆಯ ಸಾಲು ಕಂಡರು. ಇರುವೆ ಎಂದರೆ ಹುಳು ಸಾಕುವವರಿಗೆ ಎಂಥ ವೈರಿ ಎಂದು ನಿಮಗೆ ಗೊತ್ತಿಲ್ಲದಿರಬಹುದು. ಹೊಸ ಬೆಳೆ, ಅಂದರೆ ಮರಿ ಹುಳು, ತರುವ ಮುಂಚೆ ಹುಳು ಮನೆಗೆ ಔಷಧಿ ಹೊಡೆದು, ಬಾಗಿಲು ಕಿಟಕಿ ಭದ್ರ ಮಾಡಿ ಮುಚ್ಚಿಡುವುದು ನಮ್ಮಲ್ಲಿ ತಲೆಮಾರಿನ ಪದ್ಧತಿ. ಅವರು ಮನೆಗೆ ಹೋಗಿ ಸ್ಪ್ರೇಯರ್ ಬೆನ್ನಿಗೆ ಕಟ್ಟಿಕೊಂಡು ಬಂದರು. ಬ್ಲೀಚಿಂಗ್ ಪುಡಿ ಕದಡಿದ ನೀರನ್ನು ಗೋಡೆಗೆ, ನೆಲಕ್ಕೆ, ಮೇಜಿಗೆ, ಆಮೇಲೆ ಸಂದುಗೊಂದಿಗೆಲ್ಲ ಪ್ರೀತಿಯಿಂದ ಹೊಡೆದರು. ಸಂದುಗೊಂದಿ ಎಂದರೆ ಯಂತ್ರಗಳಿಗೆ ಹಿಂದೆ ಇರುತ್ತವಲ್ಲ, ಗಾಳಿಯಾಡುವ ಸೀಳುಗಳು, ಅಲ್ಲಿಗೇ. ಭಾನುವಾರವೆಲ್ಲ ಬಾಗಿಲು ಮುಚ್ಚಿತ್ತು.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣಲ್ಲಿ ನೀರು. ಮೊದಲು ಘಾಟಿಗೆ, ಆಮೇಲೆ ದುಃಖಕ್ಕೆ. ಹತ್ತು ಯಂತ್ರಗಳಲ್ಲಿ ಒಂದೂ ಏಳಲಿಲ್ಲ. ಗುಂಡಿ ಒತ್ತಿದರೆ ಒಂದು ಮಾತ್ರ ಕುಯ್ ಎಂದು ಸುಮ್ಮನಾಯಿತು.

‘ಜ್ವರಕ್ಕೆ ಕೂತವೇನೋ’ ಎಂದರು ಹೆಡ್ ಮಾಸ್ತರು, ಸಣ್ಣ ದನಿಯಲ್ಲಿ.

ಬೈಯಲು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿದೆ. ಇಡೀ ಬೆಳೆ ಕೈಕೊಟ್ಟ ದಿನ ಹುಳು ಮನೆಯ ಬಾಗಿಲಲ್ಲಿ ನಿಲ್ಲುವವರ ಮುಖ ನಮ್ಮ ಊರಿನಲ್ಲಿ ಎಲ್ಲರೂ ನೋಡಿದ್ದೇವೆ. ಅಷ್ಟರಲ್ಲಿ ಗೇಟಿನ ಹತ್ತಿರ ಜೀಪಿನ ಸದ್ದಾಯಿತು. ಮಕ್ಕಳು ಅಭ್ಯಾಸದಂತೆ ಚಪ್ಪಲಿ ಬಿಟ್ಟು, ತಟ್ಟೆ ದಾಟಿ, ಅವರವರ ಜಾಗದಲ್ಲಿ ಕೂತು, ಕಪ್ಪು ಪರದೆಗಳನ್ನು ನೋಡಿ ನನ್ನ ಕಡೆ ತಿರುಗಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದೆಂದು ಸೆರಗು ಸರಿಮಾಡಿಕೊಂಡು ನಿಂತೆ.

ಸಾಹೇಬರು ಬೂಟು ಹಾಕಿಕೊಂಡು ಬಂದಿದ್ದರು. ಆ ಸಂಕಟದಲ್ಲೂ ಹೆಡ್ ಮಾಸ್ತರಿಗೆ ನಿಯಮ ಮರೆಯಲಿಲ್ಲ. ಕೈ ಮುಗಿದು, ‘ಸಾರ್, ಬೂಟು…’ ಎಂದರು. ಸಾಹೇಬರು ಗೊಣಗುತ್ತ ಬೂಟು ಬಿಚ್ಚಿ, ಒಳಗೆ ಹೆಜ್ಜೆಯಿಟ್ಟವರು ನೇರವಾಗಿ ತಟ್ಟೆಯೊಳಗೆ ಇಳಿದರು. ಕಾಲುಚೀಲ ಪಿಚಕ್ಕೆಂದಿತು. ‘ಥೂ! ಏನ್ರೀ ಇದು!’ ಎಂದು ಒಂದು ಕಾಲೆತ್ತಿ, ಗೋಡೆ ಹಿಡಿದು, ಬಾಗಿಲ ಹತ್ತಿರವೇ ನಿಂತುಬಿಟ್ಟರು. ಮುಂದೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಅಲ್ಲಿಂದ ಅವರಿಗೆ ಕಂಡದ್ದು ಯಂತ್ರಗಳ ಬೆನ್ನು, ಬೆನ್ನಿನ ಮೇಲೆ ಮಕ್ಕಳ ಮುಖ. ಅವರಿಗೆ ಬೇಕಾಗಿದ್ದೂ ಅಷ್ಟೇ. ಮೊಬೈಲ್ ತೆಗೆದು ಫೋಟೊ ಹೊಡೆಯತೊಡಗಿದರು.

‘ಏನಮ್ಮ ಕಲೀತಾ ಇದೀಯ?’ ಎಂದು ಮುಂದಿನ ಸಾಲಿನಲ್ಲಿದ್ದ ಲಾವಣ್ಯಳನ್ನು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಎದ್ದಳು. ‘ಪೆನ್ನಾರ್ ಹೊಳೆ ಜೊತೆ ಹೋಗ್ತಾ ಇದೀವಿ ಸಾರ್.’

‘ಗುಡ್. ಎಲ್ಲೀವರೆಗೂ ಬಂದ್ರಿ?’

ಅವಳು ಕೂತು, ಕಪ್ಪು ಪರದೆಯನ್ನೇ ನೋಡುತ್ತ ಮೌಸ್ ಎಳೆದಳು. ‘ಹಿಂದೂಪುರ ದಾಟ್ತು ಸಾರ್. ಈಗ ಬರೀ ಬಂಡೆ. ಬಂಡೆ ಮಧ್ಯ ಹೊಳೆ ಬಗ್ಗಿ ಬಗ್ಗಿ ಹೋಗ್ತಾ ಐತೆ. ಎಮ್ಮೆಗಳು ಮಲಗ್ಕೊಂಡವೆ. ಈಗ ಕಡಪ. ಇಲ್ಲಿಂದ ನೀರು ಬಂತು ಸಾರ್. ಬೇರೆ ಬೇರೆ ಹಳ್ಳ ಬಂದು ಸೇರ್ಕೊಂಡ್ವು, ಅದಕ್ಕೇ ನೀರು ಬಂತು. ಒಂದೇ ಹೊಳೆ ಆಗಿದ್ರೆ ಹೋಗ್ತಿರ್ಲಿಲ್ಲ.’

ಉಳಿದ ಮಕ್ಕಳೂ ಅವರವರ ಮೌಸ್ ಎಳೆಯುತ್ತಿದ್ದರು.

‘ನೆಲ್ಲೂರು… ಬಂತು ಸಾರ್, ಸಮುದ್ರ ಬಂತು!’

‘ಹೇಗಿದೆ?’ ಎಂದರು ಸಾಹೇಬರು, ಕಾಲುಚೀಲ ಹಿಂಡುತ್ತ.

‘ಕಪ್ಪಗಿದೆ ಸಾರ್.’ ಹೆಡ್ ಮಾಸ್ತರು ಕಣ್ಣು ಮುಚ್ಚಿಕೊಂಡರು. ಅವಳು ತಡವರಿಸಲಿಲ್ಲ. ‘ಮೋಡ ಕವ್ಕೊಂಡೈತೆ, ಅದಕ್ಕೆ. ದಡದಲ್ಲಿ ಮಾತ್ರ ಬೆಳ್ಳಗೆ ನೊರೆ. ನಮ್ಮಮ್ಮ ರೀಲಿಂಗಲ್ಲಿ ನೂಲು ತೆಗೆಯೋಕೆ ಗೂಡು ಬೇಯಿಸ್ತಾರಲ್ಲ ಸಾರ್, ಆ ನೀರಲ್ಲಿ ಬರೋ ಥರಾ. ಕುದೀತದೆ, ಆದ್ರೆ ಬಿಸಿ ಇಲ್ಲ. ಹೊಳೆ ಅಷ್ಟು ದೂರ ಬಂದೈತಲ್ಲ, ಸುಸ್ತಾಗಿ ಸಣ್ಣಕ್ಕೆ ನೂಲಿನಂಗೆ ಒಳಗೆ ಹೋಗುತ್ತೆ. ಆಮೇಲೆ ಯಾವುದು ಹೊಳೆ, ಯಾವುದು ಸಮುದ್ರ ಅಂತ ಗೊತ್ತಾಗಲ್ಲ ಸಾರ್.’

‘ವೆರಿ ಗುಡ್. ಪಿಕ್ಚರ್ ಎಷ್ಟು ಕ್ಲಿಯರಾಗಿ ಬರ್ತಿದೆ ನೋಡ್ರಿ! ಲ್ಯಾಬೂ ಎಷ್ಟು ಕ್ಲೀನು, ಆಸ್ಪತ್ರೆ ವಾಸನೆ’ ಎಂದು ಸಾಹೇಬರು ಹೆಡ್ ಮಾಸ್ತರ ಬೆನ್ನು ತಟ್ಟಿ, ಒದ್ದೆ ಕಾಲನ್ನು ಬೂಟಿಗೆ ತೂರಿಸಿಕೊಂಡು ಹೊರಟರು.

ಮುಂದಿನದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮದು ಮಾದರಿ ಲ್ಯಾಬ್ ಎಂದಾಯಿತು. ಯಂತ್ರಗಳು ಎಲ್ಲಿಗೂ ಹೋಗಲಿಲ್ಲ. ರಿಪೇರಿಗೆ ಕೇಳಿದೆವು; ಎಲ್ಲವೂ ಅತ್ಯುತ್ತಮವಾಗಿ ನಡೆಯುತ್ತಿವೆ ಎಂದು ವರದಿ ಇರುವಾಗ ರಿಪೇರಿ ಯಾಕೆ ಎಂದು ಗದರಿದರು. ಚಿಂತಾಮಣಿ, ಗೌರಿಬಿದನೂರು ಕಡೆಯ ಮೇಷ್ಟ್ರುಗಳು ನೋಡಿ ಕಲಿಯಲು ಬಂದರು. ಬೀಗ ಹಾಕಿದ ಕೋಣೆಯನ್ನು ಬಲೆಯ ಕಿಟಕಿಯಿಂದ ನೋಡಿ, ತಗಡಿನ ತಟ್ಟೆಯ ಅಳತೆ ತೆಗೆದುಕೊಂಡು ಹೋದರು. ಈಗ ಆ ಕಡೆಯ ಶಾಲೆಗಳಲ್ಲೂ ಚಪ್ಪಲಿ ಹೊರಗೇ ಬಿಡುತ್ತಾರಂತೆ. ಹೆಡ್ ಮಾಸ್ತರು ದಿನವೂ ಸೀರೆ ಸರಿಸಿ ಒಂದೊಂದೇ ಗುಂಡಿ ಒತ್ತಿ ನೋಡಿ ಬರುತ್ತಾರೆ. ಏನಾದರೂ ಎದ್ದಿದೆಯೇ ಎಂದು ನಾನು ಕೇಳುವುದಿಲ್ಲ.

ಆದರೆ ಆ ಸೋಮವಾರ ಜೀಪು ಹೋದ ಮೇಲೂ ಮಕ್ಕಳು ಎದ್ದಿರಲಿಲ್ಲ. ಕೊಟ್ಟ ಮಾತು ಹಾಗೇ ಉಳಿದಿತ್ತು. ನನಗೆ ಸಾಹೇಬರ ಮೇಲೆ, ಹೆಡ್ ಮಾಸ್ತರ ಮೇಲೆ, ಗಾಜಿನ ಬೀರುವಿನ ಮೇಲೆ, ಎಲ್ಲದರ ಮೇಲೂ ಸಿಟ್ಟು ಒಟ್ಟಿಗೆ ಬಂತು. ‘ಏಳ್ರೋ, ಹೊರಗೆ ಬನ್ನಿ’ ಎಂದು ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋಗಿ, ಚೀಲದಿಂದ ನನ್ನ ಮೊಬೈಲ್ ತೆಗೆದೆ. ಅಂಗೈಯಷ್ಟು ಪರದೆ, ಅದರ ಮೇಲೆ ಇಡೀ ತರಗತಿಯ ತಲೆ. ಹಿಂದೂಪುರದಿಂದ ಹೊರಟೆವು. ಒಬ್ಬೊಬ್ಬರಾಗಿ ಬೆರಳಿಟ್ಟು ಎಳೆದರು. ಕಡಪ, ನೆಲ್ಲೂರು. ಕೊನೆಯ ಎಳೆತ ಲಾವಣ್ಯಳದು. ಸಮುದ್ರ ನೋಡಲು ನಾನೂ ಮಕ್ಕಳ ತಲೆಗಳ ನಡುವೆ ತಲೆ ತೂರಿಸಿದೆ, ಸುಳ್ಳೇಕೆ ಹೇಳಲಿ.

ಸಮುದ್ರ ಬಂತು. ನೀಲಿ. ಇನ್ನೂ ಎಳೆದರೆ ಇನ್ನೂ ನೀಲಿ. ಅಲೆಯಿಲ್ಲ, ನೊರೆಯಿಲ್ಲ, ಗೋಡೆಗೆ ಬಳಿದ ಬಣ್ಣದ ಹಾಗೆ ಪರದೆಯ ತುಂಬ ಒಂದೇ ನೀಲಿ.

ಲಾವಣ್ಯ ಬೆರಳು ತೆಗೆದು ನನ್ನ ಮುಖ ನೋಡಿದಳು.

‘ಅಂತೇನಾ, ಮಿಸ್?’

ಇಷ್ಟೇನಾ ಎಂದು ಕೇಳಿದ್ದು. ಅಷ್ಟರಲ್ಲಿ ಎಮ್ಮೆ ಹುಡುಕುತ್ತಿದ್ದವನು ಅವಳ ಜಡೆ ಎಳೆದು, ‘ಲೇ ಲಾವಣ್ಯ, ಇದು ಬೇಡ ಕಣೇ. ನೀನು ಆಗ ಹೇಳ್ದೆಯಲ್ಲ, ಆ ಸಮುದ್ರ ಹೇಳೇ’ ಎಂದ. ಉಳಿದವರೂ ‘ಹೂಂ ಕಣೇ, ಹೇಳೇ’ ಎಂದು ಸುತ್ತ ಕೂತರು. ಅವಳು ಲಂಗ ಸರಿಮಾಡಿಕೊಂಡು, ಹಿಂದೂಪುರ ದಾಟಿದ ಮೇಲಿನ ಬಂಡೆಗಳಿಂದ ಮತ್ತೆ ಶುರು ಮಾಡಿದಳು.

ನಾನು ಮೊಬೈಲ್ ಚೀಲಕ್ಕೆ ಹಾಕಿ, ಮಕ್ಕಳ ನಡುವೆ ಜಾಗ ಮಾಡಿಕೊಂಡು, ಚಪ್ಪಲಿ ಬಿಟ್ಟು ಕೂತೆ.